ಲಿಂಕನ್ನನ ಮಡಿಲಿನಲ್ಲಿ ಮೂರು ಮರಿಗಳು

ಅಬ್ರಹಾಂ ಲಿಂಕನ್ನನ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಾರ. ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದವನು ರಾಷ್ಟ್ರಾಧ್ಯಕ್ಷನಾದುದು, ಗುಲಾಮರ ಬಿಡುಗಡೆ, ಗೆಟ್ಟಿಸ್‌ಬರ್ಗಿನ ಭಾಷಣ, ನಾಟಕಶಾಲೆಯಲ್ಲಿ ತಗುಲಿದ ಗುಂಡು, ಇಷ್ಟನ್ನೂ ಪ್ರೌಢಶಾಲೆಯಲ್ಲಿಯೇ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಗಳಿಸಿದವರು ನಾವು. ಮಗನ ಉಪಾಧ್ಯಾಯರಿಗೆ ಆತ ಬರೆದನೆಂದು ಹೇಳಲಾಗುವ ಕಾಗದವೊಂದು ಎಷ್ಟೋ ಶಾಲೆಗಳ ಗೋಡೆಯ ಮೇಲೆ ಕಟ್ಟುಹಾಕಿಸಿಕೊಂಡು ತೂಗುತ್ತಿದೆ. ಅದು ಆತನದೆನ್ನಲು ಯಾವ ಆಧಾರವೂ ಇಲ್ಲವೆಂಬುದು ಬೇರೆ ಮಾತು. ನಾನು ಇಲ್ಲಿ ಹೇಳಹೊರಟಿರುವುದು ಗೋಡೆಯ ಮೇಲೆ ತೂಗುಹಾಕುವಂಥ ಸಂಗತಿಯಲ್ಲ. ಬೆಕ್ಕಿನ ಮರಿಗಳ ಸಂಗತಿ. ವಾಚಕರು ನಗಬಹುದು, ನಗಲಿ.

ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿನಿಲಯದ ಸೈಕಲ್ ಷೆಡ್ಡಿನ ಮೂಲೆಯಲ್ಲಿ ಮೂರು ಮರಿಗಳು ಅರಚುತ್ತಿದ್ದವು. ತಾಯಿಬೆಕ್ಕು ಹಿಂದಿನ ರಾತ್ರಿ ಲಾರಿಯ ಗಾಲಿಗೆ ಸಿಕ್ಕಿತ್ತು. ಮರಿಗಳನ್ನು ಎತ್ತಿ ತಂದವನು ನಾನೇ. ಆ ಬಗ್ಗೆ ಒಳಗೊಳಗೇ ಹೆಮ್ಮೆಪಟ್ಟುಕೊಂಡವನೂ ನಾನೇ. ಕೆಲವು ವಾರಗಳ ತರುವಾಯ, ತನಗೊಂದು ಮರಿ ಬೇಕೆಂದು ಕೈಚಾಚಿದ ಮೊದಲನೆಯ ಮನುಷ್ಯನಿಗೆ ಒಂದನ್ನು ಕೊಟ್ಟುಬಿಟ್ಟೆ. ಆತನ ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಲಿಲ್ಲ. ಎಂಟನೆಯ ದಿನ ಸಂತೆಮಾಳದ ಚರಂಡಿಯ ಪಕ್ಕದಲ್ಲಿ ಅದು ಸತ್ತು ಬಿದ್ದಿತ್ತು. ಕುತ್ತಿಗೆಗೆ ನಾನು ಕಟ್ಟಿದ್ದ ಕೆಂಪು ದಾರ ಹಾಗೆಯೇ ಇತ್ತು. ಆ ದಿನಗಳಲ್ಲಿಯೇ, ಜನರಲ್ ಗ್ರಾಂಟನ ಪರಿವಾರದಲ್ಲಿದ್ದ ಹೊರೇಸ್ ಪೋರ್ಟರ್ ಎಂಬ ಸೇನಾಧಿಕಾರಿ 1897ರಲ್ಲಿ ಪ್ರಕಟಿಸಿದ ಯುದ್ಧದ ನೆನಪುಗಳನ್ನು ನಾನು ಓದುತ್ತಿದ್ದೆ. ಅದರಲ್ಲಿಯೂ ಮೂರು ಮರಿಗಳು ಬಂದವು. ಅಂದಿನಿಂದ ಲಿಂಕನ್ನನ ಜೀವನವನ್ನು ನಾನು ಮೊದಲಿನಿಂದ ಮತ್ತೊಮ್ಮೆ ಓದಬೇಕಾಯಿತು.

ಲಿಂಕನ್ನನು ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಕೆಂಟಕಿ ಸಂಸ್ಥಾನದಲ್ಲಿ. 1816ರಲ್ಲಿ ತಂದೆ ಥಾಮಸ್ ಸಂಸಾರವನ್ನು ಇಂಡಿಯಾನಾದ ದಟ್ಟಡವಿಗೆ ಕರೆದೊಯ್ದನು. ಅಲ್ಲಿ ಎಂಟು ವರ್ಷ ತುಂಬಲು ಕೆಲವೇ ದಿನಗಳಿದ್ದಾಗ ಹುಡುಗನು ಗುಡಿಸಲಿನ ಬಿರುಕಿನಿಂದ ಬಂದೂಕು ಚಾಚಿ ಕಾಡುಕೋಳಿಯ ಜಾತಿಯ ಟರ್ಕಿ ಹಕ್ಕಿಯೊಂದನ್ನು ಹೊಡೆದನು. ಅದಕ್ಕಿಂತ ದೊಡ್ಡ ಪ್ರಾಣಿಯ ಮೇಲೆ ತಾನು ಎಂದೂ ಗುಂಡು ಹಾರಿಸಲಿಲ್ಲವೆಂದು 1860ರಲ್ಲಿ ತನ್ನ ಜೀವನದ ಸಂಕ್ಷೇಪವನ್ನು ಬರೆದುಕೊಡುವಾಗ ಆತ ನೆನೆದಿದ್ದಾನೆ. ಬೇಟೆಯೇ ಅನ್ನವಾಗಿದ್ದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಓರಗೆಯ ಹುಡುಗರು ಆಮೆಯ ಬೆನ್ನಮೇಲೆ ಕೆಂಡವಿಟ್ಟು ಅದು ಓಡುವುದನ್ನು ನೋಡಿ ನಗುತ್ತಿದ್ದರೆ ಇವನು ಜಗಳಕ್ಕೆ ಹೋಗುತ್ತಿದ್ದನು. ಶಾಲೆಯಲ್ಲಿ ಪ್ರಾಣಿಹಿಂಸೆಯನ್ನು ಕುರಿತು ಪ್ರಬಂಧವನ್ನೂ ಬರೆದನು.

1818ರ ಅಕ್ಟೋಬರಿನಲ್ಲಿ ತಾಯಿ ನ್ಯಾನ್ಸಿ ತೀರಿಕೊಂಡಳು. ಆ ಸೀಮೆಯವರು ಅದನ್ನು ಹಾಲಿನ ಬೇನೆ ಎನ್ನುತ್ತಿದ್ದರು. ಕಾಡಿನಲ್ಲಿ ಬೆಳೆಯುವ, ಬಿಳಿ ಹೂ ಬಿಡುವ ಒಂದು ಗಿಡವನ್ನು ಹಸುಗಳು ಮೇಯ್ದರೆ ಅದರ ವಿಷ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿದವರು ಸಾಯಬಹುದು. ಆಗ ಅಲ್ಲಿ ಯಾರಿಗೂ ಆ ಕಾರಣ ತಿಳಿದಿರಲಿಲ್ಲ. ಬೇನೆ ಬಿದ್ದ ನೆರೆಯವರ ಶುಶ್ರೂಷೆ ಮಾಡಿದ ತಾಯಿ ತಾನೂ ಅದಕ್ಕೇ ಬಲಿಯಾದಳು. ಮಗನಿಗೆ ಒಂಬತ್ತು ವರ್ಷ, ಅಕ್ಕನಿಗೆ ಹನ್ನೊಂದು. ಮುಂದಿನ ಒಂದು ವರ್ಷ ಆ ಮನೆಯಲ್ಲಿ ಮಕ್ಕಳು ಮೈತೊಳೆಯುವವರಿಲ್ಲದೆ, ಹರಕು ಬಟ್ಟೆಯಲ್ಲಿ, ಮಣ್ಣುನೆಲದ ಮೇಲೆ ದಿನ ಕಳೆದರು. 1819ರ ಕೊನೆಯಲ್ಲಿ ಥಾಮಸನು ಕೆಂಟಕಿಗೆ ಹೋಗಿ ಸಾರಾ ಬುಷ್ ಎಂಬ ವಿಧವೆಯನ್ನು ಮದುವೆಯಾಗಿ ಬಂದನು. ಆಕೆಗೆ ಮೂವರು ಮಕ್ಕಳಿದ್ದರು. ಮಲತಾಯಿ ಎಂದೊಡನೆ ನಮ್ಮ ಕಥೆಗಳಲ್ಲಿ ಒಂದು ಬಗೆಯ ಚಿತ್ರ ಮೂಡುತ್ತದೆ. ಈಕೆ ಬಂದವಳೇ ಮಕ್ಕಳ ಮೈತೊಳೆದು, ಬಟ್ಟೆ ತೊಡಿಸಿ, ಗಂಡನಿಂದ ನೆಲಕ್ಕೆ ಹಲಗೆ ಹಾಸಿಸಿದಳು; ಓದುವ ಹುಡುಗನನ್ನು ಓದಲು ಬಿಟ್ಟಳು. ಅಧ್ಯಕ್ಷನಾಗಿ ವಾಷಿಂಗ್ಟನ್ನಿಗೆ ಹೊರಡುವ ಮುನ್ನ, 1861ರ ಚಳಿಗಾಲದಲ್ಲಿ, ಲಿಂಕನ್ನನು ಪ್ರಯಾಣ ಮಾಡಿ ಹೋಗಿ ಈ ತಾಯಿಯನ್ನು ಕಂಡು ಬಂದನು. ಆಕೆ ಆತನಿಗಿಂತ ನಾಲ್ಕು ವರ್ಷ ಹೆಚ್ಚು ಬದುಕಿದ್ದಳು. ತಬ್ಬಲಿಗೆ ಒಳ್ಳೆಯ ಮನೆ ಸಿಕ್ಕಿದರೆ ಏನಾಗುತ್ತದೆಂಬುದನ್ನು ಲಿಂಕನ್ನನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಮುಂದಿನ ವರ್ಷಗಳನ್ನು ಬೇಗ ದಾಟುತ್ತೇನೆ: 1830ರಲ್ಲಿ ಇಲಿನಾಯ್, ಅಂಗಡಿ, ಅಂಚೆ, ಭೂಮಾಪನ, ವಕೀಲಿ, 1842ರಲ್ಲಿ ಮೇರಿ ಟಾಡಳೊಡನೆ ಮದುವೆ. ವಕೀಲನಾಗಿದ್ದಾಗ ಒಮ್ಮೆ ಗೆಳೆಯರೊಡನೆ ಕುದುರೆಯ ಮೇಲೆ ಸ್ಪ್ರಿಂಗ್‌ಫೀಲ್ಡಿಗೆ ಹಿಂದಿರುಗುತ್ತಿರುವಾಗ, ಗಾಳಿಗೆ ಗೂಡಿನಿಂದ ಉದುರಿದ ಎರಡು ಹಕ್ಕಿಮರಿಗಳು ಕಣ್ಣಿಗೆ ಬಿದ್ದವು. ಗೆಳೆಯರು ಮುಂದೆ ಹೋದರು. ಈತ ಇಳಿದು ಗೂಡನ್ನು ಹುಡುಕಿ, ಮರಿಗಳನ್ನು ಅದರೊಳಗಿಟ್ಟು, ತಡವಾಗಿ ಬಂದು ಅವರನ್ನು ಕೂಡಿಕೊಂಡನು. ಅವರು ಗೇಲಿ ಮಾಡಿದಾಗ, ಹಾಗೆ ಮಾಡದಿದ್ದರೆ ರಾತ್ರಿ ತನಗೆ ನಿದ್ದೆ ಹತ್ತುತ್ತಿರಲಿಲ್ಲವೆಂದನು. ಮರಿಗಳನ್ನು ಎತ್ತಿ ಪೊದೆಯ ಮೇಲಿಟ್ಟು ಹೋಗಿದ್ದರೂ ಕರುಣೆ ಎನಿಸಿಕೊಳ್ಳುತ್ತಿತ್ತು. ಗೂಡನ್ನು ಹುಡುಕಿದನಲ್ಲ, ಅದೇ ನನ್ನನ್ನು ಚುಚ್ಚಿದ್ದು.

ಇದಕ್ಕಿಂತಲೂ ಸ್ಪಷ್ಟವಾದುದು ಫೈಡೋ ನಾಯಿಯ ಪ್ರಸಂಗ. ಇದು ಸ್ಪ್ರಿಂಗ್‌ಫೀಲ್ಡಿನ ಮನೆಯಲ್ಲಿದ್ದ ಹಳದಿ ಬಣ್ಣದ ನಾಟಿ ನಾಯಿ. 1860ರಲ್ಲಿ ಯಜಮಾನನ ಹೆಸರು ಅಧ್ಯಕ್ಷ ಪದವಿಗೆ ಬಂದಾಗ ಊರಿನಲ್ಲಿ ಗಂಟೆ, ತೋಪು, ಜನಜಂಗುಳಿ; ನಾಯಿ ಹೆದರಿ ನಡುಗಿತು. ದೂರದ ರೈಲು ಪ್ರಯಾಣವೂ ರಾಜಧಾನಿಯ ಗಲಾಟೆಯೂ ಅದಕ್ಕೆ ತಾಳವೆಂದು ಬಗೆದು, ಹಳೆಯ ಪರಿಚಯದ ಬಡಗಿ ಜಾನ್ ರೋಲ್ ಎಂಬುವನ ಮನೆಯಲ್ಲಿ ಅದನ್ನು ಬಿಟ್ಟನು. ಬಿಟ್ಟದ್ದು ಷರತ್ತಿನ ಮೇಲೆ. ಕೆಸರುಗಾಲಿನಲ್ಲಿ ಒಳಗೆ ಬಂದರೆ ಗದರಬಾರದು; ಹಿತ್ತಿಲಿನಲ್ಲಿ ಒಂಟಿಯಾಗಿ ಕಟ್ಟಿಹಾಕಬಾರದು; ಬಾಗಿಲನ್ನು ಕೆರೆದಾಗ ತೆಗೆಯಬೇಕು; ಊಟದ ಹೊತ್ತಿಗೆ ಮೇಜಿನ ಬಳಿ ಬಂದರೆ ಎಲ್ಲರೂ ಒಂದೊಂದು ತುತ್ತು ಕೊಡಬೇಕು. ಅದು ಮಲಗುತ್ತಿದ್ದ ಸೋಫಾವನ್ನೂ, ಹೊಸ ಮನೆ ಅದಕ್ಕೆ ಹೊಸದೆನಿಸದಿರಲೆಂದು, ರೋಲನ ಮನೆಗೇ ಕೊಟ್ಟನು. ಆ ಫೆಬ್ರವರಿಯಲ್ಲಿ ದಕ್ಷಿಣದ ಸಂಸ್ಥಾನಗಳು ಒಂದೊಂದಾಗಿ ಒಕ್ಕೂಟವನ್ನು ಬಿಟ್ಟು ಸಿಡಿದುಹೋಗುತ್ತಿದ್ದವೆಂಬುದನ್ನು ನೆನೆಯಬೇಕು. ಅಷ್ಟರ ನಡುವೆ ನಾಯಿಯ ಸೋಫಾದ ಯೋಚನೆ ಬಂದಿತಲ್ಲ!

ಮುಂದೆ ನಾಲ್ಕು ವರ್ಷಗಳ ಅಂತರ್ಯುದ್ಧ. ಆರು ಲಕ್ಷಕ್ಕೂ ಮಿಕ್ಕಿದ ಸಾವು. ಶ್ವೇತಭವನದಲ್ಲಿಯೇ 1862ರಲ್ಲಿ ಮಗ ವಿಲ್ಲಿ ಜ್ವರದಿಂದ ತೀರಿಕೊಂಡನು. ಲಿಂಕನ್ನನನ್ನು ದೇವರಾಗಿಸುವ ಇಚ್ಛೆ ನನಗಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮಿನ್ನೆಸೋಟಾದಲ್ಲಿ 38 ಮಂದಿ ಡಕೋಟಾ ಜನರನ್ನು ಒಂದೇ ದಿನ ನೇಣಿಗೆ ಹಾಕಿದರು. ಮರಣದಂಡನೆಗೆ ಗುರಿಯಾಗಿದ್ದ 303 ಮಂದಿಯ ಕಾಗದಗಳನ್ನು ಪರಿಶೀಲಿಸಿ ಹೆಚ್ಚಿನವರನ್ನು ಉಳಿಸಿದವನೂ ಆತನೇ, ಉಳಿದವರ ಪಟ್ಟಿಗೆ ಒಪ್ಪಿಗೆಯಿತ್ತವನೂ ಆತನೇ.

1865ರ ಮಾರ್ಚ್ 24ರಂದು ಲಿಂಕನ್ನನು ಹೆಂಡತಿ ಮತ್ತು ಮಗನೊಡನೆ ‘ರಿವರ್ ಕ್ವೀನ್’ ಎಂಬ ಹಡಗಿನಲ್ಲಿ ವರ್ಜೀನಿಯಾದ ಸಿಟಿ ಪಾಯಿಂಟಿಗೆ ಬಂದಿಳಿದನು. ಜೇಮ್ಸ್ ಮತ್ತು ಅಪೊಮ್ಯಾಟಕ್ಸ್ ನದಿಗಳು ಕೂಡುವೆಡೆ ಅದು. ಗ್ರಾಂಟನ ಮುಖ್ಯ ಠಾಣ್ಯ. ಮಾರನೆಯ ದಿನವೇ ಶತ್ರುಗಳು ಸ್ಟೆಡ್‌ಮನ್ ಕೋಟೆಯ ಮೇಲೆ ಬಿದ್ದರು. ಹೊಡೆದಾಟ ಮುಗಿದ ಮೇಲೆ ಲಿಂಕನ್ನನು ರೈಲಿನಲ್ಲಿ ಹೋಗಿ, ಹೂಳದೆ ಬಿದ್ದಿದ್ದ ಹೆಣಗಳನ್ನೂ ನರಳುವವರನ್ನೂ ಕಣ್ಣಾರೆ ಕಂಡು ಬಂದನು. ಆ ದಿನಗಳಲ್ಲಿಯೇ ಒಮ್ಮೆ ತಂತಿ ಕಚೇರಿಯ ಡೇರೆಯಲ್ಲಿ ಸುದ್ದಿಗಾಗಿ ಕುಳಿತಿರುವಾಗ ಮೂರು ಪುಟ್ಟ ಮರಿಗಳು ನೆಲದ ಮೇಲೆ ತೆವಳುತ್ತ ಅರಚುವುದನ್ನು ಕಂಡನು. ತಾಯಿ ಸತ್ತಿತ್ತು. ಉದ್ದನೆಯ ಆ ಮನುಷ್ಯ ಬಗ್ಗಿ ಅವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಸಮಾಧಾನದ ಮಾತನ್ನಾಡಿದನು.

ಇಷ್ಟಕ್ಕೇ ನಿಂತಿದ್ದರೆ ಅದು ನನ್ನ ಸೈಕಲ್ ಷೆಡ್ಡಿನ ಕರುಣೆಯಷ್ಟೇ ಆಗುತ್ತಿತ್ತು. ಲಿಂಕನ್ನನು ಗ್ರಾಂಟನ ಕಚೇರಿಯ ಅಧಿಕಾರಿ ಕರ್ನಲ್ ಬೋವರ್ಸನ ಕಡೆ ತಿರುಗಿ, ಇವಕ್ಕೆ ಹಾಲು ಸಾಕಷ್ಟು ಸಿಗುವಂತೆಯೂ ಯಾರೂ ಒರಟಾಗಿ ನಡೆಸಿಕೊಳ್ಳದಂತೆಯೂ ನೋಡಿಕೊಳ್ಳಬೇಕೆಂದು ಕೇಳಿಕೊಂಡನು. ಕರ್ನಲನು ಅಧಿಕಾರಿಗಳ ಊಟದ ಮನೆಯ ಅಡಿಗೆಯವನಿಗೆ ಅವನ್ನು ಒಪ್ಪಿಸುವೆನೆಂದು ಮಾತುಕೊಟ್ಟನು. ಅಡಿಗೆಯವನ ಬಳಿ ಒಲೆಯ ಬೆಚ್ಚಗೆ ಉಂಟು, ಹಾಲುಂಟು. ದಂಡಿನಲ್ಲಿ ಅದಕ್ಕಿಂತ ಒಳ್ಳೆಯ ಮನೆ ಇನ್ನೆಲ್ಲಿ? (ಹಸುವಿನ ಹಾಲು ಮರಿಗಳ ಹೊಟ್ಟೆಗೆ ಒಗ್ಗದೆಂದು ಈಗಿನ ಪಶುವೈದ್ಯರು ಹೇಳುತ್ತಾರೆ. ನನಗೂ ಹೇಳಿದರು.) ಮಾತು ಕೊಡಿಸಿಕೊಂಡ ಮೇಲೂ ಲಿಂಕನ್ನನು ಮರೆಯಲಿಲ್ಲ. ಅಲ್ಲಿದ್ದ ಎರಡು ವಾರಗಳಲ್ಲಿ ಹಲವು ಸಲ ಆ ಮರಿಗಳೊಡನೆ ಇದ್ದುದನ್ನು ಪೋರ್ಟರನು ಕಂಡನು. ಕರವಸ್ತ್ರದಿಂದ ಅವುಗಳ ಕಣ್ಣೊರೆಸುತ್ತಿದ್ದನಂತೆ. ಅವು ಗುರುಗುಟ್ಟುವುದನ್ನು ಆಲಿಸುತ್ತಿದ್ದನಂತೆ. ಏಪ್ರಿಲ್ 3ರಂದು ರಿಚ್ಮಂಡ್ ಬಿತ್ತು. 8ರಂದು ಸೈನಿಕರ ಆಸ್ಪತ್ರೆಯಲ್ಲಿ ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ, ಶತ್ರುಪಕ್ಷದವರನ್ನೂ ಬಿಡದೆ, ಕೈಕುಲುಕುತ್ತ ನಡೆದು ಆ ರಾತ್ರಿ ವಾಷಿಂಗ್ಟನ್ನಿಗೆ ಹೊರಟನು. 14ರ ರಾತ್ರಿ ಗುಂಡು ತಗುಲಿತು. 15ರ ಬೆಳಿಗ್ಗೆ ಪ್ರಾಣ ಹೋಯಿತು. ಕರ್ನಲ್ ಬೋವರ್ಸನೂ ಮರುವರ್ಷವೇ ರೈಲು ಅಪಘಾತದಲ್ಲಿ ಸತ್ತನು.

ನನ್ನ ಬಳಿ ಉಳಿದ ಎರಡು ಮರಿಗಳಲ್ಲಿ ಒಂದು ನಮ್ಮ ಕಾಲೇಜಿನ ಜವಾನರೊಬ್ಬರ ಮನೆ ಸೇರಿತು. ಇನ್ನೊಂದನ್ನು ಬಸ್ ನಿಲ್ದಾಣದ ಹತ್ತಿರ ಹೂ ಮಾರುವ ಅಜ್ಜಿ ಕೇಳಿದರು. ಈ ಸಲ ಮೊದಲು ಅವರ ಮನೆಗೆ ಹೋದೆ. ಹಿಂದೆ ಸಾಕಿದ ಬೆಕ್ಕು ಏನಾಯಿತೆಂದು ಕೇಳಿದೆ. ಹನ್ನೊಂದು ವರ್ಷ ಬದುಕಿತಂತೆ. ರಾತ್ರಿ ಹೊರಗೆ ಬಿಡಬಾರದು, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಚುಚ್ಚುಮದ್ದಿಗೆ ನಾನೇ ಕರೆದೊಯ್ಯುತ್ತೇನೆ, ಬೇಡವೆನಿಸಿದರೆ ಬೀದಿಗೆ ಬಿಡದೆ ನನಗೇ ಹಿಂದಕ್ಕೆ ಕೊಡಬೇಕು ಎಂದೆಲ್ಲ ಹೇಳುತ್ತಿದ್ದಂತೆ ಅಜ್ಜಿ ನಗತೊಡಗಿದರು. ಹೆಣ್ಣು ಕೊಡುವವರು ಕೂಡ ಇಷ್ಟೊಂದು ಮಾತಾಡುವುದಿಲ್ಲವಲ್ಲಪ್ಪಾ ಎಂದರು. ಆಮೇಲೆ, ಭಾನುವಾರ ಭಾನುವಾರ ಬಂದು ನೋಡಿಕೊಂಡು ಹೋಗು ಎಂದರು. ಹೋಗುತ್ತಿದ್ದೇನೆ. ಮೊನ್ನೆ ಹೋದಾಗ ಅದು ಬರಿದಾದ ಹೂಬುಟ್ಟಿಯಲ್ಲಿ ಮಲಗಿತ್ತು. ನನ್ನನ್ನು ನೋಡಿ ಏಳಲೂ ಇಲ್ಲ.