ರಂಗದ ಮೇಲೆ ಆನೆ ತಂದ ಗುಬ್ಬಿ ವೀರಣ್ಣ

ಕುಷ್ಟಗಿ: ಬನಶಂಕರಿ ಜಾತ್ರಿ ಬಂತೆಂದರೆ ಬದಾಮಿ ಕಡೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗ ಇರೋದಿಲ್ಲ. ದೇವಿಗೆ ಕಾಯಿ ಒಡೆಸಿದವರು ರಾತ್ರಿ ನಾಟಕದ ಥೇಟರಿಗೆ ನುಗ್ಗುತ್ತಾರೆ. ಆದರೆ ಹರೆಯದ ಹುಡುಗರು ಮೊಬೈಲ್ ಬಿಟ್ಟು ಒಳಗೆ ಬರ್ತಾರೇನು ಎಂಬುದೇ ಕಂಪನಿ ಮಾಲೀಕರ ಚಿಂತೆ. ಚಿಂತೆ ಹಳೆಯದೇ. ಸಿನಿಮಾ ಬಂದಾಗಲೂ ಇದೇ ಮಾತಿತ್ತು. ಆಗ ಕೈಕಟ್ಟಿ ಕೂಡದೆ ದಾರಿ ಹುಡುಕಿದವರು ಗುಬ್ಬಿ ವೀರಣ್ಣನವರು.

ತುಮಕೂರು ಸೀಮೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣ ಹುಟ್ಟಿದ್ದು 1891ರಲ್ಲಿ, ಅಂದರೆ ಕಂಪನಿಯೇ ಏಳು ವರ್ಷ ಹಿರಿದು. ಚಿಕ್ಕ ಹುಡುಗನಾಗಿ ಅದರಲ್ಲಿ ಸೇರಿ ಬಣ್ಣ ಹಚ್ಚಿದರು. 1917ರಲ್ಲಿ ಆ ಹಳೇ ಕಂಪನಿಯ ಭಾರ ಅವರ ಹೆಗಲಿಗೇ ಬಿತ್ತು. ಒಡೆಯರಾದರೂ ರಾಜನ ಪಾತ್ರಕ್ಕೆ ಅಂಟಿಕೊಳ್ಳಲಿಲ್ಲ. ‘ಸದಾರಮೆ’ಯ ಕಳ್ಳನಾಗಿ ಜನರ ಹೊಟ್ಟೆ ಹುಣ್ಣಾಗಿಸಿದರು. ಮಾಲೀಕನೇ ಕಳ್ಳ! ಇದಕ್ಕಿಂತ ಮಜಾ ಬೇಕೆ?

ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಮಡದಿಯರಾದ ಸುಂದರಮ್ಮ, ಜಯಮ್ಮ ತಾವೇ ನಟಿಯರು. ಮಕ್ಕಳದೇ ಒಂದು ತಂಡ ಕಟ್ಟಿದರು. 1934ರ ‘ಕುರುಕ್ಷೇತ್ರ’ದಲ್ಲಂತೂ ನಿಜವಾದ ಆನೆ, ಕುದುರೆ ರಂಗ ಏರಿದವು. ಕಲೆಕ್ಷನ್ ಆಗಲಿ ಬಿಡಲಿ, ಆನೆಗೆ ಮೇವು ಹಾಕಲೇಬೇಕಲ್ಲ! ಅಂಗಡಿ ನಡೆಸುವವರಿಗೆ ಈ ಲೆಕ್ಕ ಬೇಗ ತಿಳಿದೀತು.

ಸಿನಿಮಾವನ್ನು ಬೈಯುತ್ತ ಕೂಡದೆ ತಾವೇ ಸಿನಿಮಾ ತೆಗೆದರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದ ರಾಜಕುಮಾರ್ ಈ ಕಂಪನಿಯ ಗರಡಿಯಲ್ಲೇ ಪಳಗಿದವರು. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡ ಇಲ್ಲಿನವರೇ. ನಾಟಕದ ಹುಡುಗರನ್ನು ಸಿನಿಮಾ ಎಳೆದುಕೊಂಡು ಹೋಯಿತೆಂದು ಅಳುವವರಿಗೆ, ಬಾಗಿಲು ತೆಗೆದವರು ವೀರಣ್ಣನವರೇ ಎಂಬುದು ಗೊತ್ತಿರಲಿಕ್ಕಿಲ್ಲ.

ಆದರೆ ಅವರ ದೊಡ್ಡ ಕೆಲಸ ಇನ್ನೊಂದು. ಮನೆ ಬಿಟ್ಟು ಓಡಿಬಂದು ಕಂಪನಿ ಸೇರಿದ ಹುಡುಗನೊಬ್ಬನನ್ನು ದುಡಿಸಿಕೊಂಡು ಸುಮ್ಮನಾಗಲಿಲ್ಲ, ಎಂ.ಎ. ಓದಲು ಕಾಶಿಗೆ ಕಳಿಸಿದರು. ಆತನೇ ಬಿ.ವಿ. ಕಾರಂತ.

1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅಕ್ಟೋಬರ್ 18ರಂದು ವೀರಣ್ಣ ತೀರಿಕೊಂಡರು. ಕಾರಂತರು 1977ರಲ್ಲಿ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಮುಖ್ಯಸ್ಥರಾದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಬೇಸಿಗೆ ರಜೆ ಬಂತೆಂದರೆ ಅಲ್ಲೀಗ ಚಿಣ್ಣರ ಮೇಳ. ಧಾರವಾಡ, ಕಲಬುರಗಿಗಳಲ್ಲೂ ರಂಗಾಯಣಗಳಿವೆ.