ದೆವ್ವವಿಲ್ಲದ ಭಯ: ನಮ್ಮೂರಿನ ಶಂಕರನಾಗ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ನಮ್ಮ ಗುರುಗಳು ಫೋನ್ ಮಾಡಿದಾಗ, ನನಗೆ ಗೊತ್ತಿರುವುದು ಕಂಪ್ಯೂಟರ್ ಮಾತ್ರ, ಏನು ಬರೆಯಲಿ ಎಂದು ಯೋಚಿಸಿದೆ. ಆಮೇಲೆ ಎಂಟನೇ ತರಗತಿಯ ಒಂದು ದಿನ ನೆನಪಾಯಿತು. ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರು ನಿಮ್ಮ ತಾಲ್ಲೂಕಿನ ಪ್ರಸಿದ್ಧ ವ್ಯಕ್ತಿ ಯಾರು ಎಂದು ಕೇಳಿದ್ದರು. ಇಡೀ ತರಗತಿ ಒಟ್ಟಿಗೆ ಕೂಗಿದ್ದು ಶಂಕರನಾಗ್ ಹೆಸರನ್ನು. ಅವರು ತೀರಿಕೊಂಡಾಗ ನಾನು ಒಂದು ವರ್ಷದ ಕೂಸು. ಆದರೂ ನಮ್ಮೂರಿನ ಆಟೋಗಳ ಹಿಂದೆ ಅವರ ಚಿತ್ರ ನೋಡುತ್ತಲೇ ಬೆಳೆದವರು ನಾವು.

ಶಂಕರನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಹೊನ್ನಾವರ ತಾಲ್ಲೂಕಿನ ಮಲ್ಲಾಪುರದಲ್ಲಿ. ಮನೆಮಾತು ಕೊಂಕಣಿ. ಅಣ್ಣ ಅನಂತನಾಗ್ ಅವರಂತೆ ಇವರೂ ಮುಂಬಯಿಗೆ ಹೋಗಿ ಮರಾಠಿ ರಂಗಭೂಮಿಯಲ್ಲಿ ಪಳಗಿದರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಕನ್ನಡಕ್ಕೆ ಬಂದರು. ಆ ಮೊದಲ ಪಾತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. 1980ರಲ್ಲಿ ‘ಮಿಂಚಿನ ಓಟ’ ನಿರ್ದೇಶಿಸಿದರು. ಮುಂದೆ ‘ಗೀತಾ’, ‘ಆಕ್ಸಿಡೆಂಟ್’, ನೀರಿನಡಿಯ ದೃಶ್ಯಗಳಿದ್ದ ‘ಒಂದು ಮುತ್ತಿನ ಕಥೆ’, ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’. ನಡುವೆ ನಾಟಕ, ಸಂಕೇತ್ ಧ್ವನಿಗ್ರಹಣ ಸ್ಟುಡಿಯೊ. ಇಷ್ಟೆಲ್ಲ ಕೇವಲ ಹನ್ನೆರಡು ವರ್ಷಗಳಲ್ಲಿ.

ಅವರ ಬಗ್ಗೆ ಹೇಳುವವರು ಬಹಳ ಜನರಿದ್ದಾರೆ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ, ಅವರ ಚಿತ್ರಗಳಲ್ಲಿ ನಾನು ಕಂಡ ಭಯ.

ಭಯ ಹುಟ್ಟಿಸುವ ವಿದ್ಯೆ ನಮ್ಮ ಕಡೆಯ ಮಕ್ಕಳಿಗೆ ಸಿನೆಮಾಕ್ಕಿಂತ ಮೊದಲೇ ಗೊತ್ತು. ಗದ್ದೆ ಬಯಲಿನಲ್ಲಿ ಆಟ ನೋಡಲು ಕುಳಿತಾಗ ನಡುರಾತ್ರಿ ರಾಕ್ಷಸನ ಪ್ರವೇಶವಾಗುತ್ತಿತ್ತು. ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಕಾಣುವುದು ಕಿರೀಟದ ತುದಿ ಮಾತ್ರ. ಚೆಂಡೆಯ ಪೆಟ್ಟು ಏರುತ್ತದೆ, ಅಬ್ಬರ ಕೇಳುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ತೆರೆ ಸರಿಯುವ ಹೊತ್ತಿಗೆ ನಾನು ಅಜ್ಜಿಯ ಸೆರಗಿನೊಳಗೆ ಇರುತ್ತಿದ್ದೆ. ಹೆದರಿಸಿದ್ದು ಬಣ್ಣದ ಮುಖವಲ್ಲ, ಆ ತೆರೆ.

ಸಿನೆಮಾದವರು ಮಾಡುವುದೂ ಇದನ್ನೇ. 1922ರ ಜರ್ಮನ್ ಮೂಕಿ ಚಿತ್ರ ‘ನೊಸ್‌ಫೆರಾಟು’ವಿನಲ್ಲಿ ಮೆಟ್ಟಿಲು ಹತ್ತಿ ಬರುವುದು ಪಿಶಾಚಿಯ ನೆರಳು. 1960ರ ‘ಸೈಕೋ’ದಲ್ಲಿ ಹಿಚ್‌ಕಾಕ್ ಸ್ನಾನದ ಮನೆಯ ಕೊಲೆಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ ಜೋಡಿಸಿದರು, ಚೂರಿಯ ಇರಿತವನ್ನು ಪೂರ್ತಿಗೊಳಿಸುವುದು ನಮ್ಮ ಮನಸ್ಸೇ. 1975ರ ‘ಜಾಸ್’ನಲ್ಲಿ ಬಹಳ ಹೊತ್ತು ಶಾರ್ಕ್ ಕಾಣುವುದಿಲ್ಲ, ನೀರು ಮಾತ್ರ ಕಾಣುತ್ತದೆ. ಬೆಳಕನ್ನು ಕಡಿಮೆ ಮಾಡು, ಅರ್ಧ ತೋರಿಸು, ಕಾಯಿಸು. ಉಳಿದದ್ದನ್ನು ನೋಡುವವನೇ ತುಂಬಿಕೊಳ್ಳುತ್ತಾನೆ.

ಶಂಕರನಾಗ್ ಇದನ್ನು ದೆವ್ವವಿಲ್ಲದೆ ಮಾಡಿದರು. ‘ಮಾಲ್ಗುಡಿ ಡೇಸ್’ನ ಮೊದಲ ಕಂತನ್ನು ನೆನಪಿಸಿಕೊಳ್ಳಿ. ಧೈರ್ಯ ಪರೀಕ್ಷಿಸಲು ಅಪ್ಪ ಪುಟ್ಟ ಸ್ವಾಮಿಯನ್ನು ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಿಸುತ್ತಾನೆ. ಕೋಣೆಯಲ್ಲಿ ಇರುವುದು ಕತ್ತಲೆ, ಬೆಂಚು ಮತ್ತು ಒಬ್ಬ ಹುಡುಗ. ಹಗಲಲ್ಲಿ ಕಂಡ ಸಾಮಾನುಗಳೇ ರಾತ್ರಿ ಬೇರೆಯಾಗುತ್ತವೆ. ಅಜ್ಜಿಯ ಪಕ್ಕ ಮಲಗಿ ಅಭ್ಯಾಸವಾಗಿದ್ದ ನನಗೆ ಆ ಕಂತು ಯಾವ ಭೂತದ ಸಿನೆಮಾಕ್ಕೂ ಕಡಿಮೆಯಾಗಿರಲಿಲ್ಲ.

ಇನ್ನೊಂದು ‘ಆಕ್ಸಿಡೆಂಟ್’. ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಅಮಲಿನಲ್ಲಿದ್ದ ರಾಜಕಾರಣಿಯ ಮಗನ ಕಾರು ರಾತ್ರಿ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹರಿಯುತ್ತದೆ. ಅದನ್ನು ಮುಚ್ಚಿಹಾಕಲು ಅಧಿಕಾರ ನಡೆಸುವ ಪ್ರಯತ್ನವೇ ಕಥೆ. ಒಂಬತ್ತನೇ ತರಗತಿಯಲ್ಲಿದ್ದಾಗ ಪಕ್ಕದ ಮನೆಯ ಟಿವಿಯಲ್ಲಿ ನೋಡಿದೆ. ಕತ್ತಲ ರಸ್ತೆ, ಓಡುವ ಕಾರು, ನಿದ್ದೆಯಲ್ಲಿರುವ ಜನ. ಅಂದು ರಾತ್ರಿ ಹೆದ್ದಾರಿಯಲ್ಲಿ ಹೋಗುವ ಪ್ರತಿ ಲಾರಿಯ ಸದ್ದಿಗೂ ಎಚ್ಚರವಾಗುತ್ತಿತ್ತು. ಭೂತದ ಸಿನೆಮಾದ ಭಯ ಬೆಳಗಾದರೆ ಹೋಗುತ್ತದೆ, ಇದು ಹೋಗಲಿಲ್ಲ.

ಹೋಗದಿದ್ದದ್ದು ಒಳ್ಳೆಯದಾಯಿತು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಕಾರು ಕೊಂಡ ಮೇಲಿನ ಮಾತು. ದೀಪಾವಳಿಗೆ ಬೇಗ ಮನೆ ತಲುಪುವ ಆಸೆಯಿಂದ ಇಡೀ ದಿನ ಕೆಲಸ ಮಾಡಿ, ಸಂಜೆಯೇ ಹೊರಟೆ. ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ತಲುಪಿದಾಗ ನಸುಕು. ಹೊನ್ನಾವರದ ಕಡೆ ತಿರುಗಿದ ಮೇಲೆ, ಹಳದೀಪುರದ ಹತ್ತಿರ, ಕಣ್ಣು ಒಂದು ಕ್ಷಣ ಮುಚ್ಚಿತು. ತೆರೆದಾಗ ಹೆಡ್‌ಲೈಟಿನ ಬೆಳಕಿನಲ್ಲಿ ಮೊದಲು ಕಂಡದ್ದು ಎರಡು ಬುಟ್ಟಿ, ಆಮೇಲೆ ಅವನ್ನು ಹೊತ್ತ ಇಬ್ಬರು ಹೆಂಗಸರು. ಬ್ರೇಕ್ ಹಾಕಿದೆ. ಕಾರು ಒಂದು ಮಾರು ದೂರದಲ್ಲಿ ನಿಂತಿತು. ಅವರು ನನ್ನನ್ನು ಬೈದು ಮುಂದೆ ಹೋದರು. ನಾನು ಬೆಳಗಾಗುವವರೆಗೆ ಅಲ್ಲೇ ಕುಳಿತೆ. ಚಿಕ್ಕಂದಿನಲ್ಲಿ ನಾನು ಮಲಗಿದವರ ಪರವಾಗಿ ಹೆದರಿದ್ದೆ. ಅಂದು ಸ್ಟೇರಿಂಗ್ ಹಿಡಿದ ಕೈ ನನ್ನದೇ ಆಗಿತ್ತು. ತಪ್ಪು ಪೂರ್ತಿ ನನ್ನದು. ಆ ದಿನದಿಂದ ರಾತ್ರಿ ಕಾರು ಓಡಿಸುವುದನ್ನು ಬಿಟ್ಟಿದ್ದೇನೆ, ಬಸ್ಸಿಗೇ ಬರುತ್ತೇನೆ.

ಅಂಥ ಚಿತ್ರ ಮಾಡಿದವರ ಬದುಕೂ ರಸ್ತೆಯ ಮೇಲೆಯೇ ಮುಗಿದದ್ದು ವಿಧಿ. 1990ರ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೋಗುತ್ತಿದ್ದಾಗ ದಾವಣಗೆರೆ ಸಮೀಪದ ಆನಗೋಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಶಂಕರನಾಗ್ ತೀರಿಕೊಂಡರು. ಆಗ ಅವರಿಗೆ 35 ವರ್ಷ. ಈಗ ನನಗೂ ಅಷ್ಟೇ ವಯಸ್ಸು. ಅವರು ಮಾಡಿದ ಕೆಲಸದ ಪಟ್ಟಿ ನೋಡಿದರೆ ನಾಚಿಕೆಯಾಗುತ್ತದೆ.

ನಮ್ಮ ಕಾಲದಲ್ಲಿ ಶಾಲೆಯ ಮುಂದಿನ ಹೆದ್ದಾರಿಯನ್ನು ದಾಟಲು ಎರಡು ಕಡೆ ನೋಡಿ ನಾಲ್ಕು ಹೆಜ್ಜೆ ಓಡಿದರೆ ಸಾಕಿತ್ತು. ಈಗ ರಸ್ತೆ ಅಗಲವಾಗಿದೆ, ವಾಹನಗಳ ವೇಗ ಹೆಚ್ಚಿದೆ. ಇಂದಿನ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮೊಬೈಲಿನಲ್ಲಿ ದೆವ್ವದ ಸಿನೆಮಾ ನೋಡಿ, ಖುಷಿಯಾಗಿ ಹೆದರಿ. ಒಮ್ಮೆ ನಮ್ಮೂರಿನವರ ‘ಆಕ್ಸಿಡೆಂಟ್’ ಕೂಡ ನೋಡಿ. ನಾಳೆ ನೀವೂ ವಾಹನ ಓಡಿಸುವವರೇ. ಆಗ ಆ ಭಯ ನಿಮ್ಮ ಜೊತೆಗಿರಲಿ.