ಅಡುಗೆಮನೆಯ ಬ್ರದರ್ ಲಾರೆನ್ಸ್

ಚಳಿಗಾಲದ ಒಂದು ದಿನ. ಎಲೆಯುದುರಿದ ಮರವನ್ನು ನೋಡುತ್ತಿದ್ದ 18ರ ಹರೆಯದ ನಿಕೋಲಸ್ ಹರ್ಮನ್‌ರಿಗೆ, ಈ ಬೋಳು ಕೊಂಬೆಗಳು ಮತ್ತೆ ಚಿಗುರಿ ಹೂವು ಹಣ್ಣು ಬಿಡಲಿವೆಯಲ್ಲ ಎಂಬ ಯೋಚನೆ ಬಂತು. ದೇವರ ಪರಿಪಾಲನೆಯ ಅರಿವು ಮೂಡಿದ್ದು ಅಲ್ಲೇ.

1614ರ ಸುಮಾರಿಗೆ ಲೊರೇನ್ ಪ್ರಾಂತ್ಯದಲ್ಲಿ ಹುಟ್ಟಿದ ಇವರು ಸೈನಿಕರಾಗಿ ಗಾಯಗೊಂಡು ಕುಂಟರಾದರು. ಮನೆಯಾಳಾಗಿ ದುಡಿದಾಗ ಮುಟ್ಟಿದ್ದೆಲ್ಲ ಒಡೆಯುತ್ತಿದ್ದರಂತೆ. 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿ ಬ್ರದರ್ ಲಾರೆನ್ಸ್ ಆದರು.

ಅಲ್ಲಿ ಸಿಕ್ಕಿದ್ದು ಅಡುಗೆ ಕೆಲಸ. ಅದು ಅವರಿಗೆ ಹಿಡಿಸದ ಕೆಲಸವಾಗಿತ್ತು ಎಂಬುದನ್ನು ನಾವು ಮರೆಯುವುದೇ ಹೆಚ್ಚು. ತನಗೆ ರಕ್ಷಣೆಯೇ ಇಲ್ಲವೆಂಬ ಭಯ ಬೇರೆ ನಾಲ್ಕು ವರ್ಷ ಕಾಡಿತು. ಆದರೂ ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಪ್ರೀತಿಗಾಗಿಯೇ ಮಾಡಿದರು. ಕೆಲಸದ ಹೊತ್ತು, ಪ್ರಾರ್ಥನೆಯ ಹೊತ್ತು ಎಂಬ ಭೇದ ಮೆಲ್ಲನೆ ಅಳಿಯಿತು. ನಮ್ಮ ಅನೇಕ ತಾಯಂದಿರಿಗೆ ಇದು ಹೊಸತೇನಲ್ಲ!

ಒಮ್ಮೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳುಹಿಸಿದರು. ವ್ಯಾಪಾರ ತಿಳಿಯದು, ಕಾಲು ಬೇರೆ ಕುಂಟು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಿದರು. ಇದು ನಿನ್ನದೇ ಕೆಲಸವೆಂದು ದೇವರಿಗೆ ಒಪ್ಪಿಸಿ, ಮುಗಿಸಿ ಬಂದರು.

ಮುಂದೆ ಮಠದವರ ಪಾದರಕ್ಷೆ ಹೊಲಿಯುವ ಕೆಲಸಕ್ಕೆ ಕುಳಿತರು. 1691ರ ಫೆಬ್ರವರಿ 12ರಂದು ತೀರಿಕೊಂಡರು. ಅವರ ಪತ್ರಗಳನ್ನೂ ಮಾತುಗಳನ್ನೂ ಸಂಗ್ರಹಿಸಿ ಉಳಿಸಿದವರು ಗುರು ಜೋಸೆಫ್ ದ ಬೋಫೋರ್.